ಪೈಲಟ್ ಉರಿ ಪದೇ ಪದೇ ಆರುತ್ತಿದೆ: ನಾನೇ ಮತ್ತೆ ಹಚ್ಚಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಟ್ಯಾಂಕ್ ಇರುವ, ಗ್ಯಾಸ್‌ನಿಂದ ನೀರು ಕಾಯಿಸುವ ಹೀಟರ್ ಇದೆ. ಹತ್ತು ವರ್ಷ ಹಳೆಯದು. ಅಡುಗೆಮನೆಗೆ ಅಂಟಿಕೊಂಡಿರುವ ಸಣ್ಣ ಉಗ್ರಾಣದಲ್ಲಿ ಇಟ್ಟಿದ್ದೇವೆ. ಗ್ಯಾಸ್ ಸಿಲಿಂಡರಿನಿಂದ ಬರುತ್ತದೆ. ಇಷ್ಟು ವರ್ಷ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಕಳೆದ ಮೂರು ವಾರಗಳಲ್ಲಿ ಅದರ ಪೈಲಟ್ ಉರಿ, ಅಂದರೆ ದೊಡ್ಡ ಬರ್ನರನ್ನು ಹೊತ್ತಿಸಲು ಸದಾ ಉರಿಯುತ್ತಿರುವ ಪುಟ್ಟ ಜ್ವಾಲೆ, ನಾಲ್ಕು ಬಾರಿ ಆರಿಹೋಗಿದೆ, ಹೆಚ್ಚಾಗಿ ಬೆಳಗಿನ ಹೊತ್ತು. ಮೊದಲ ಎರಡು ಬಾರಿ ಹೀಟರಿನ ಮೇಲೆ ಬರೆದಿರುವ ಸೂಚನೆ ಓದಿ ನಾನೇ ಹಚ್ಚಿದೆ. ಮೂರನೆಯ ಬಾರಿ ಗುಂಡಿಯಿಂದ ಬೆರಳು ತೆಗೆದ ಕೂಡಲೇ ಆರುತ್ತಿತ್ತು. ಮೇಲಿಂದ ಮೇಲೆ ಏಳೆಂಟು ಸಲ ಪ್ರಯತ್ನಿಸಿದೆ. ಕೊನೆಯ ಸಲ ‘ಭುಗ್’ ಎಂದು ಸದ್ದಾಗಿ ಕೆಳಗಿನ ಕಿಂಡಿಯಿಂದ ಬೆಂಕಿ ಹೊರಗೆ ಚಿಮ್ಮಿತು, ಮುಂಗೈಯ ಕೂದಲು ಸುಟ್ಟಿತು. ನಾಲ್ಕನೆಯ ಬಾರಿ ಯಜಮಾನರು ಹೇಗೋ ಹಚ್ಚಿದ್ದಾರೆ, ಈಗ ಉರಿಯುತ್ತಿದೆ. ಪಕ್ಕದ ಮನೆಯವರು ‘ಗುಂಡಿಯನ್ನು ಒತ್ತಿ ಟೇಪ್ ಸುತ್ತಿಬಿಡಿ, ಆಮೇಲೆ ಆರುವುದೇ ಇಲ್ಲ’ ಎನ್ನುತ್ತಾರೆ. ಯಜಮಾನರು ‘ಉರಿ ಆರಿದಾಗಲೆಲ್ಲ ಮನೆಯಲ್ಲಿ ಗ್ಯಾಸ್ ತುಂಬಿಕೊಳ್ಳುತ್ತದೆ, ಈ ಹೀಟರನ್ನೇ ತೆಗೆದು ಎಸೆಯೋಣ’ ಎನ್ನುತ್ತಾರೆ. ಹೋದ ತಿಂಗಳು ಅಡುಗೆಮನೆಗೆ ಹೊಸ ಚಿಮಣಿ ಹಾಕಿಸಿದೆವು. ಅದೇ ಸಮಯದಲ್ಲಿ ಧೂಳು ಬರುತ್ತದೆಂದು ಉಗ್ರಾಣದ ಬಾಗಿಲು, ಕಿಟಕಿಗಳ ಸಂದುಗಳನ್ನೂ ಮುಚ್ಚಿಸಿದೆವು. ನಾನೇ ಉರಿ ಹಚ್ಚುವುದು ಕ್ಷೇಮವೇ? ಸರಿಯಾದ ವಿಧಾನ ಯಾವುದು? ಇನ್ನೊಂದು ಮಾತು, ಉಗ್ರಾಣದ ಪಕ್ಕದ ಕೋಣೆಯಲ್ಲಿರುವ ಅತ್ತೆಗೆ ಈಚೆಗೆ ಬೆಳಗಿನ ಸ್ನಾನ, ಅಡುಗೆ ಎಲ್ಲ ಮುಗಿಯುವ ಹೊತ್ತಿಗೆ ತಲೆನೋವು ಬರುತ್ತದೆ. ಅಂಗಳದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಕಡಿಮೆಯಾಗುತ್ತದೆ. ವಯಸ್ಸಿನ ಕಾರಣವಿರಬಹುದು.

ಉತ್ತರ: ನೀವು ಕೇಳಿರುವುದು ಉರಿ ಹಚ್ಚುವ ವಿಧಾನವನ್ನು. ಅದನ್ನು ವಿವರವಾಗಿಯೇ ಹೇಳುತ್ತೇನೆ. ಆದರೆ ನಾನು ಪತ್ರದ ಕೊನೆಯ ಮೂರು ಸಾಲುಗಳನ್ನು ಎರಡೆರಡು ಸಲ ಓದಿದೆ. ಅತ್ತೆಯವರ ತಲೆನೋವನ್ನು ನೀವು ಬೇರೆ ವಿಷಯವೆಂದು ಭಾವಿಸಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ.

ಆದ್ದರಿಂದ ಮೊದಲ ಕೆಲಸ ಇದು. ಇದನ್ನು ಓದಿದ ಕೂಡಲೇ ಹೀಟರಿನ ನಾಬನ್ನು ‘ಆಫ್’ಗೆ ತಿರುಗಿಸಿ. ಉಗ್ರಾಣದ ಬಾಗಿಲು, ಕಿಟಕಿ ತೆರೆದಿಡಿ. ಹೊಗೆಕೊಳವೆಯನ್ನು ತಿಳಿದವರು ಪರೀಕ್ಷಿಸುವವರೆಗೆ ಅದನ್ನು ಮತ್ತೆ ಹಚ್ಚಬೇಡಿ. ಕೆಲವು ದಿನ ಬೇರೆ ರೀತಿಯಲ್ಲಿ ನೀರು ಕಾಯಿಸಿಕೊಳ್ಳಿ. ಅತ್ತೆಯವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ‘ಪಕ್ಕದ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಯುತ್ತಿತ್ತು, ಹೊರಗೆ ಬಂದರೆ ತಲೆನೋವು ಇಳಿಯುತ್ತದೆ’ ಎಂದು ಇದೇ ಮಾತುಗಳಲ್ಲಿ ಹೇಳಿ. ನೀವು ಹೇಳದಿದ್ದರೆ ಅವರಿಗೆ ಹೊಳೆಯದೆ ಹೋಗಬಹುದು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಲಕ್ಷಣಗಳು ಸಾಮಾನ್ಯ ಜ್ವರದ ಆರಂಭದಂತೆಯೇ ಇರುತ್ತವೆ: ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಸುಸ್ತು. ಆದರೆ ಮೈ ಬಿಸಿ ಇರುವುದಿಲ್ಲ, ಮತ್ತು ಹೊರಗಿನ ಗಾಳಿಗೆ ಬಂದರೆ ಹಗುರವಾಗುತ್ತದೆ. ಬೆರಳಿಗೆ ಸಿಕ್ಕಿಸುವ ಸಾಧಾರಣ ಪಲ್ಸ್ ಆಕ್ಸಿಮೀಟರ್ ಇದನ್ನು ಹಿಡಿಯಲಾರದು. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಈ ಅನಿಲ ಆಕ್ರಮಿಸಿದ್ದರೂ ಅದು ಎಲ್ಲ ಸರಿಯಿದೆ ಎಂಬಂತಹ ಅಂಕಿಯನ್ನೇ ತೋರಿಸುತ್ತದೆ. ರಕ್ತಪರೀಕ್ಷೆಯೇ ಆಗಬೇಕು, ಅದೂ ಬೇಗ. ಶುದ್ಧ ಗಾಳಿಯಲ್ಲಿದ್ದರೆ ನಾಲ್ಕೈದು ಗಂಟೆಗಳಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಮರುದಿನದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಏನೂ ಆಗಿಲ್ಲವೆಂದು ಅರ್ಥವಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ, ಗೊಂದಲ, ಎಚ್ಚರ ತಪ್ಪುವುದು ಕಂಡುಬಂದರೆ ಎಲ್ಲರೂ ಕೂಡಲೇ ಹೊರಗೆ ಬಂದು ತುರ್ತು ಸಹಾಯಕ್ಕೆ ಕರೆ ಮಾಡಬೇಕು.

ತಲೆನೋವಿಗೆ ಬೇರೆ ಕಾರಣವೇ ಇದ್ದೀತು. ಹಾಗಾದರೆ ಎಲ್ಲರಿಗಿಂತ ಹೆಚ್ಚು ಸಂತೋಷ ನನಗೇ. ಆದರೆ ಹೊಸ ಚಿಮಣಿ, ಮುಚ್ಚಿದ ಸಂದುಗಳು, ಬೆಳಗಿನ ಹೊತ್ತೇ ಆರುವ ಪೈಲಟ್, ಅದೇ ಹೊತ್ತಿಗೆ ಬರುವ ತಲೆನೋವು, ಈ ನಾಲ್ಕೂ ಒಂದೇ ಮನೆಯಲ್ಲಿ ಒಂದೇ ತಿಂಗಳಲ್ಲಿ ಕಂಡಾಗ ಗ್ಯಾಸ್ ಉಪಕರಣಗಳ ಕೆಲಸ ಮಾಡುವ ಯಾರೂ ಅದನ್ನು ಕಾಕತಾಳೀಯವೆಂದು ಬಿಡುವುದಿಲ್ಲ.

ಈಗ ನಿಮ್ಮ ಯಜಮಾನರ ಭಯದ ವಿಚಾರ. ಪೈಲಟ್ ಆರಿದಾಗಲೆಲ್ಲ ಮನೆ ತುಂಬ ಗ್ಯಾಸ್ ತುಂಬುತ್ತದೆ ಎನ್ನುವುದು ಬಹಳ ಜನ ನಂಬಿರುವ ಮಾತು. ಹೀಟರ್ ಸುಸ್ಥಿತಿಯಲ್ಲಿದ್ದರೆ ಅದು ನಿಜವಲ್ಲ. ಪೈಲಟ್ ಉರಿಯ ತುದಿಗೆ ತಾಗುವಂತೆ ಪೆನ್ಸಿಲಿಗಿಂತ ತೆಳ್ಳಗಿನ ಒಂದು ಲೋಹದ ಕಡ್ಡಿ ಇರುತ್ತದೆ. ಅದರ ಹೆಸರು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಈ ಕಡ್ಡಿಯ ತುದಿ ಕೆಂಪಗೆ ಕಾದಾಗ ತಾನೇ ಸ್ವಲ್ಪ ವಿದ್ಯುತ್ ಹುಟ್ಟಿಸುತ್ತದೆ, ಸುಮಾರು 20ರಿಂದ 30 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿರುವುದು 1,500 ಮಿಲಿವೋಲ್ಟ್ ಎಂದು ನೆನೆದರೆ ಇದು ಎಷ್ಟು ಅಲ್ಪವೆಂದು ತಿಳಿಯುತ್ತದೆ. ಆದರೂ ಗ್ಯಾಸ್ ವಾಲ್ವಿನೊಳಗಿನ ಪುಟ್ಟ ವಿದ್ಯುತ್ಕಾಂತಕ್ಕೆ ಅಷ್ಟು ಸಾಕು. ಸ್ಪ್ರಿಂಗ್ ಮುಚ್ಚಲು ತವಕಿಸುತ್ತಿರುವ ಬಾಗಿಲನ್ನು ಆ ಕಾಂತ ಹಿಡಿದು ತೆರೆದಿಟ್ಟಿರುತ್ತದೆ. ಉರಿ ಆರಿತೋ, ಕಡ್ಡಿ ತಣ್ಣಗಾಗುತ್ತದೆ, ಕಾಂತ ಹಿಡಿತ ಬಿಡುತ್ತದೆ, ವಾಲ್ವ್ ಮುಚ್ಚುತ್ತದೆ. ಪೈಲಟ್ ಆರಿಸಿ ಹೀಟರಿನ ಪಕ್ಕ ಮೌನವಾಗಿ ಕುಳಿತರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ‘ಟಕ್’ ಎಂಬ ಸಣ್ಣ ಸದ್ದು ಕೇಳುತ್ತದೆ. ಅದು ಬಾಗಿಲು ಮುಚ್ಚಿದ ಸದ್ದು. ಆ ಸದ್ದು ಕೇಳಿದರೆ ನನಗೆ ಈಗಲೂ ಸಮಾಧಾನವಾಗುತ್ತದೆ.

ಅಂದರೆ ಪೈಲಟ್ ಆರಿ ಗ್ಯಾಸ್ ನಿಂತಿತೆಂದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ ಎಂದು ಅರ್ಥ. ಉರಿ ಏಕೆ ಆರಿತು ಎಂಬುದೇ ಮುಂದಿನ ಪ್ರಶ್ನೆ. ಒಂದು ಸಲ ಆರಿದರೆ ಗಾಳಿ ಬೀಸಿರಬಹುದು, ಸಿಲಿಂಡರ್ ಖಾಲಿಯಾಗಿರಬಹುದು. ಮೂರು ವಾರಗಳಲ್ಲಿ ನಾಲ್ಕು ಸಲ ಆರಿದರೆ ಹಚ್ಚುವುದನ್ನು ನಿಲ್ಲಿಸಿ ಕಾರಣ ಹುಡುಕಬೇಕು.

ಪಕ್ಕದ ಮನೆಯವರ ಸಲಹೆ ಎಷ್ಟು ಅಪಾಯಕಾರಿ ಎಂಬುದೂ ಇಲ್ಲೇ ಸ್ಪಷ್ಟವಾಗುತ್ತದೆ. ನೀವು ಗುಂಡಿ ಒತ್ತಿಹಿಡಿದಷ್ಟು ಹೊತ್ತು ಆ ಬಾಗಿಲನ್ನು ಹಿಡಿದಿರುವುದು ಕಾಂತವಲ್ಲ, ನಿಮ್ಮ ಬೆರಳು. ಟೇಪ್ ಸುತ್ತಿದರೆ ಆ ಬೆರಳು ಶಾಶ್ವತವಾಗಿ ಅಲ್ಲೇ ಇದ್ದಂತೆ. ಆಮೇಲೆ ಉರಿ ಇರಲಿ, ಆರಲಿ, ಗ್ಯಾಸ್ ಮಾತ್ರ ಹರಿಯುತ್ತಲೇ ಇರುತ್ತದೆ. ಯಜಮಾನರು ಹೆದರುತ್ತಿರುವ ಪರಿಸ್ಥಿತಿಯನ್ನು ನಾವೇ ಕೈಯಾರೆ ತಂದುಕೊಂಡಂತೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ನೀರು ಬಿಸಿಯಾಗುತ್ತಿಲ್ಲ’ ಎಂಬ ಕರೆಯ ಮೇಲೆ ಒಂದು ಮನೆಗೆ ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಬಾಗಿಲು ತೆರೆದ ಹೆಂಗಸಿಗೆ ನೆಗಡಿ, ಅವರಿಗೆ ಏನೂ ತಿಳಿದಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಹೊರಗಿದ್ದ ಸಿಲಿಂಡರ್ ಮುಚ್ಚಿ, ಒಂದು ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ಬಾಗಿಲು ತೆರೆದು ಬಹಳ ಹೊತ್ತು ಕಾದೆವು. ಆಮೇಲೆ ನೋಡಿದರೆ ಪೈಲಟ್ ಗುಂಡಿಯ ಮೇಲೆ ಒಂದು ನಾಣ್ಯ, ಅದರ ಮೇಲೆ ಮೂರು ಸುತ್ತು ಕಪ್ಪು ಟೇಪ್. ಬಿಸಿಗೆ ಅದರ ಅಂಟು ಒಸರಿ, ಅಂಚಿಗೆಲ್ಲ ಧೂಳು ಮೆತ್ತಿಕೊಂಡಿತ್ತು. ಯಾರೋ ಕೈಗುಣದವರು ತಿಂಗಳುಗಳ ಹಿಂದೆ ಮಾಡಿಕೊಟ್ಟ ‘ರಿಪೇರಿ’ಯಂತೆ. ಉರಿ ಆರಿ ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ನಡುವೆ ಯಾರಾದರೂ ಒಂದು ದೀಪ ಹಾಕಿದ್ದರೆ ಎಂದು ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ನಿಮ್ಮ ಮುಂಗೈ ಸುಟ್ಟ ‘ಭುಗ್’. ಪ್ರತಿ ಸಲ ಗುಂಡಿ ಒತ್ತಿದಾಗಲೂ ಸ್ವಲ್ಪ ಗ್ಯಾಸ್ ಬರ್ನರ್ ಇರುವ ಗೂಡಿಗೆ ಬರುತ್ತದೆ. ಹೊತ್ತಿಕೊಳ್ಳದಿದ್ದರೆ ಅಲ್ಲೇ ಉಳಿಯುತ್ತದೆ. ಏಳೆಂಟು ಸಲ ಮೇಲಿಂದ ಮೇಲೆ ಒತ್ತಿದರೆ ಏಳೆಂಟು ಪಾಲು ಕೂಡುತ್ತದೆ. ಎಲ್‌ಪಿಜಿ ಗಾಳಿಯಲ್ಲಿ ಸುಮಾರು 2ರಿಂದ 10 ಶೇಕಡಾ ಬೆರೆತಾಗ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಈ ಮಿತಿ ಸುಮಾರು 5ರಿಂದ 15 ಶೇಕಡಾ. ನಿಮ್ಮ ಮೊದಲ ಕಿಡಿಗಳಿಗೆ ಮಿಶ್ರಣ ಇನ್ನೂ ತೆಳುವಾಗಿತ್ತು, ಕೊನೆಯ ಕಿಡಿಗೆ ಹದಕ್ಕೆ ಬಂದಿತ್ತು. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೀರಿನಂತೆ ಇಳಿದು ಗೂಡಿನ ತಳದಲ್ಲಿ, ನೆಲದ ಮೇಲೆ, ಮೂಲೆಗಳಲ್ಲಿ ನಿಲ್ಲುತ್ತದೆ. ನೈಸರ್ಗಿಕ ಅನಿಲ ಹಗುರ, ಮೇಲಕ್ಕೆ ಹೋಗಿ ಬೇಗ ಚದುರುತ್ತದೆ. ಆದ್ದರಿಂದಲೇ ಹೀಟರಿನ ಮೇಲೆ ‘ಐದು ನಿಮಿಷ ಕಾಯಿರಿ’ ಎಂದು ಬರೆದಿರುತ್ತಾರೆ. ಜನ ಆ ಸಾಲನ್ನೇ ಹಾರಿಸಿ ಓದುತ್ತಾರೆ. ಹಚ್ಚುವ ಕೆಲಸದಲ್ಲಿ ಕೈಚಳಕಕ್ಕಿಂತ ಈ ಕಾಯುವಿಕೆಯೇ ಮುಖ್ಯ. ಸಿಲಿಂಡರ್ ಗ್ಯಾಸ್ ಆದರೆ ನಾನು ಹತ್ತು ನಿಮಿಷ ಕಾಯುತ್ತೇನೆ. ಪ್ರತಿ ವಿಫಲ ಪ್ರಯತ್ನದ ನಂತರವೂ ಮತ್ತೆ ಅಷ್ಟೇ ಹೊತ್ತು.

‘ವಾಸನೆ ಇಲ್ಲ, ಹಾಗಾದರೆ ಗ್ಯಾಸ್ ಇಲ್ಲ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಈ ಅನಿಲಗಳಿಗೆ ತಮ್ಮದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವ ಕೊಳೆತ ವಾಸನೆ ಮರ್‌ಕ್ಯಾಪ್ಟನ್ ಎಂಬ ಗಂಧಕದ ರಾಸಾಯನಿಕದ್ದು, ಬೇಕೆಂದೇ ಬೆರೆಸಿದ್ದು. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಅನಿಲ ಶಾಲೆಯೊಂದರ ಅಡಿಯಲ್ಲಿ ಸೋರಿ ತುಂಬಿಕೊಂಡು ಸಿಡಿದು ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಸೇರಿಸಲೇಬೇಕೆಂಬ ಕಾನೂನು ಅಲ್ಲಿ ಬಂದದ್ದು ಆ ದುರಂತದ ನಂತರ. ಆದರೆ ನಮ್ಮ ಮೂಗು ಕೆಲವೇ ನಿಮಿಷಗಳಲ್ಲಿ ಆ ವಾಸನೆಗೆ ಒಗ್ಗಿಹೋಗುತ್ತದೆ. ನೆಗಡಿಯಲ್ಲಿ, ವಯಸ್ಸಾದಾಗ ಅಷ್ಟೂ ತಿಳಿಯುವುದಿಲ್ಲ. ಮತ್ತು ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಅದು ಸೋರಿದ ಗ್ಯಾಸ್ ಅಲ್ಲ, ಉರಿದ ಗ್ಯಾಸಿನಿಂದ ಹುಟ್ಟುವಂಥದ್ದು.

ಮೂಗಿಗೆ ಗ್ಯಾಸ್ ವಾಸನೆ ಬಂದರೆ ಮಾತ್ರ ಯಾವ ಚರ್ಚೆಯೂ ಬೇಡ. ಹಚ್ಚುವ ಯೋಚನೆ ಬಿಡಿ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಹಾರುತ್ತದೆ. ಗಾಳಿ ಹೊರಗೆ ಹೋಗಲೆಂದು ಫ್ಯಾನ್ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಅದು ಕಿಡಿ ಕೊಟ್ಟು ಕರೆದಂತೆ. ಕೈಗೆ ಸಿಗುವ ಹಾಗಿದ್ದರೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಹೋಗುವ ದಾರಿಯ ಬಾಗಿಲುಗಳನ್ನು ತೆರೆಯುತ್ತ ಎಲ್ಲರೂ ಹೊರಗೆ ನಡೆಯಿರಿ. ಫೋನ್ ಮಾಡುವುದೂ ಹೊರಗಿನಿಂದಲೇ.

ನಿಮ್ಮ ಮನೆಯಲ್ಲಿ ಆಗುತ್ತಿರುವುದು ನನ್ನ ಅಂದಾಜಿನಲ್ಲಿ ಹೀಗೆ. ಟ್ಯಾಂಕಿನ ಹೀಟರಿನ ಹೊಗೆಕೊಳವೆಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಬಿಸಿ ಗಾಳಿ ಹಗುರ, ಹಾಗಾಗಿ ತಾನೇ ಮೇಲೇರುತ್ತದೆ, ಅಷ್ಟೇ ಅದರ ಬಲ. ಅಡುಗೆಮನೆಯ ಚಿಮಣಿ ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಮನೆಯಿಂದ ಹೊರಗೆ ಎಳೆದು ಹಾಕುತ್ತದೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಮೊದಲು ಉಗ್ರಾಣದ ಸಂದುಗಳಿಂದ ಬರುತ್ತಿತ್ತು. ಅವುಗಳನ್ನು ಮುಚ್ಚಿದ ಮೇಲೆ ಉಳಿದ ದಾರಿ ಒಂದೇ, ಹೀಟರಿನ ಹೊಗೆಕೊಳವೆ. ಮೇಲಕ್ಕೆ ಹೋಗಬೇಕಾದ ಹೊಗೆ ಕೆಳಕ್ಕೆ ಇಳಿಯುತ್ತದೆ. ಆ ರಭಸಕ್ಕೆ ಪೈಲಟ್ ಆರುತ್ತದೆ. ಆರದೇ ಉಳಿದ ದಿನ ಪರಿಸ್ಥಿತಿ ಇನ್ನೂ ಕೆಟ್ಟದ್ದು, ಏಕೆಂದರೆ ಸ್ನಾನಕ್ಕೆ ನೀರು ಖರ್ಚಾದಂತೆ ದೊಡ್ಡ ಬರ್ನರ್ ಉರಿಯುತ್ತಿರುತ್ತದೆ, ಅದರ ಹೊಗೆ ಕೋಣೆಗೇ ಬರುತ್ತದೆ. ಅದೇ ಹೊಗೆಯನ್ನು ಬರ್ನರ್ ಮತ್ತೆ ಒಳಗೆಳೆದುಕೊಂಡಾಗ ಆಮ್ಲಜನಕ ಸಾಲದೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ, ಆದ್ದರಿಂದ ಸ್ವಲ್ಪವೇ ಇದ್ದರೂ ಸಾಕು.

ಬೆರಳು ತೆಗೆದ ಕೂಡಲೇ ಆರುವುದು ಬೇರೆ ದೋಷ, ಆದರೆ ಸಂಬಂಧವಿಲ್ಲದ್ದೇನಲ್ಲ. ಗಾಳಿ ಸಾಲದೆ ಉರಿದ ಗ್ಯಾಸ್ ಮಸಿ ಕಟ್ಟುತ್ತದೆ. ಮಸಿ, ಧೂಳು, ಕೆಲವೊಮ್ಮೆ ಜೇಡರ ಬಲೆ ಪೈಲಟ್‌ನ ಸೂಜಿಮೊನೆಯಂತಹ ರಂಧ್ರದಲ್ಲಿ ಸೇರಿದರೆ ಉರಿ ಚಿಕ್ಕದಾಗುತ್ತದೆ, ಥರ್ಮೋಕಪಲ್ ತುದಿಯನ್ನು ಮುಟ್ಟುವುದಿಲ್ಲ. ಉರಿ ಚೆನ್ನಾಗಿದ್ದರೂ ಆರಿದರೆ ಥರ್ಮೋಕಪಲ್ ಸವೆದಿರುತ್ತದೆ ಅಥವಾ ವಾಲ್ವಿನ ಬಳಿ ಅದರ ನಟ್ಟು ಸಡಿಲವಾಗಿರುತ್ತದೆ. ಹತ್ತು ವರ್ಷದ ಹೀಟರಿನಲ್ಲಿ ಇದು ಸಹಜ. ಬೆರಳನ್ನು ಬೇಗ ತೆಗೆಯುವುದೂ ಒಂದು ಕಾರಣ. ಹತ್ತು ಎಣಿಸಿ ಬಿಡುವವರೇ ಹೆಚ್ಚು, ಆದರೆ ಕಡ್ಡಿ ಕಾಯಲು ಪೂರ್ತಿ ಒಂದು ನಿಮಿಷ ಬೇಕು. ಈಚಿನ ಕೆಲವು ಮಾದರಿಗಳಲ್ಲಿ ಗಾಳಿ ಒಳಹೋಗುವ ಜಾಲರಿ ಹೀಟರಿನ ಅಡಿಯಲ್ಲಿರುತ್ತದೆ. ಅದು ಬಟ್ಟೆಯ ನಾರು, ಧೂಳಿನಿಂದ ಕಟ್ಟಿಕೊಂಡರೂ ಇದೇ ತೊಂದರೆ.

ಹಚ್ಚುವ ವಿಧಾನವನ್ನು ಈಗ ಹೇಳುತ್ತೇನೆ. ಇದು ನಿಮ್ಮ ಹೀಟರ್ ಪರೀಕ್ಷೆಯಾಗಿ ಸರಿ ಎನಿಸಿಕೊಂಡ ಮೇಲೆ, ಮುಂದೆ ಎಂದಾದರೊಮ್ಮೆ ಪೈಲಟ್ ಆರಿದಾಗ ಮಾಡುವುದಕ್ಕೆ. ನಿಮ್ಮ ಹೀಟರಿನ ಮೇಲಿನ ಬರಹ ಬೇರೆ ಏನಾದರೂ ಹೇಳುತ್ತಿದ್ದರೆ ಅದೇ ಅಂತಿಮ. ನೀರಲ್ಲಿ ಮುಳುಗಿದ್ದ ಹೀಟರನ್ನು, ಮೈಮೇಲೆ ಮಸಿಯ ಕಲೆಗಳಿರುವ ಹೀಟರನ್ನು ಹಚ್ಚಲೇಬಾರದು.

ಚಿಮಣಿ, ಸ್ನಾನದಮನೆಯ ಎಕ್ಸಾಸ್ಟ್ ಫ್ಯಾನ್ ಎಲ್ಲ ಆರಿಸಿರಲಿ. ಮಕ್ಕಳು ದೂರವಿರಲಿ, ಬಾಗಿಲು ಕಿಟಕಿ ತೆರೆದಿರಲಿ. ಪೆಟ್ರೋಲ್, ಥಿನ್ನರ್, ಸ್ಪ್ರೇ ಡಬ್ಬಿಗಳು ಆ ಕೋಣೆಯಲ್ಲಿದ್ದರೆ ಅಂದಿಗಷ್ಟೇ ಅಲ್ಲ, ಯಾವತ್ತಿಗೂ ಬೇರೆಡೆಗೆ ಸಾಗಿಸಿ. ಉಷ್ಣತೆಯ ಗುರುತನ್ನು ಅತಿ ಕಡಿಮೆಗೆ ತಂದು ನಾಬನ್ನು ‘ಆಫ್’ಗೆ ತಿರುಗಿಸಿ. ನಾಬನ್ನು ಕೈಯಿಂದ ಮಾತ್ರ ತಿರುಗಿಸಬೇಕು. ತಿರುಗದಿದ್ದರೆ ಇಕ್ಕಳ ತರಬೇಡಿ, ಒಳಗೆ ಏನೋ ಮುರಿದಿದೆ ಎಂದು ತಿಳಿದು ಮೆಕ್ಯಾನಿಕ್‌ಗೆ ಕರೆ ಮಾಡಿ. ಆಮೇಲೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾಯಿರಿ. ಕಾದ ಮೇಲೆ ಬಗ್ಗಿ ನೆಲದ ಮಟ್ಟದಲ್ಲಿ ಮೂಸಿ ನೋಡಿ. ನಿಂತು ಮೂಸಿದರೆ ಸಿಲಿಂಡರ್ ಗ್ಯಾಸ್ ತಿಳಿಯುವುದಿಲ್ಲ.

ಕೂದಲು ಕಟ್ಟಿಕೊಳ್ಳಿ, ಸೆರಗು ದುಪಟ್ಟಾ ಸಿಕ್ಕಿಸಿಕೊಳ್ಳಿ. ಕಿಂಡಿಯ ಎದುರು ಮುಖವಿಡದೆ ಪಕ್ಕಕ್ಕೆ ಕುಳಿತುಕೊಳ್ಳಿ. ಬರ್ನರಿನ ಗೂಡಿಗೆ ಗಾಜಿನ ಕಿಟಕಿ ಇದ್ದರೆ ಅದನ್ನು ಬಿಚ್ಚಬಾರದು, ಅದರ ಮೂಲಕವೇ ನೋಡಬೇಕು. ನಾಬನ್ನು ‘ಪೈಲಟ್’ಗೆ ತಂದು ಪೂರ್ತಿ ಒಳಕ್ಕೆ ಒತ್ತಿ ಹಿಡಿಯಿರಿ. ಕಿಡಿ ಹೊಡೆಯುವ ಗುಂಡಿಯನ್ನು ಕೆಲವು ಸೆಕೆಂಡುಗಳಿಗೊಮ್ಮೆ ಒತ್ತಿ. ಹಳೆಯ ಮಾದರಿಯಲ್ಲಿ ಕಿಡಿಗುಂಡಿ ಇರುವುದಿಲ್ಲ. ಅದಕ್ಕೆ ಉದ್ದ ಮೂತಿಯ ಲೈಟರ್ ಬೇಕು, ಬೆಂಕಿಕಡ್ಡಿ ಬೇಡ. ಅಲ್ಲಿ ಕ್ರಮ ತಪ್ಪಬಾರದು: ಮೊದಲು ಲೈಟರಿನ ಬೆಂಕಿ ಪೈಲಟ್ ಮೂತಿಯ ಬಳಿ ಇರಬೇಕು, ಆಮೇಲೆ ಗುಂಡಿ ಒತ್ತಬೇಕು. ಹೊಸ ಸಿಲಿಂಡರ್ ಹಾಕಿದ್ದರೆ ಕೊಳವೆಯಲ್ಲಿನ ಗಾಳಿ ಹೋಗಿ ಗ್ಯಾಸ್ ಬರಲು ತುಸು ಹೊತ್ತು ಹಿಡಿಯುತ್ತದೆ. ಒಂದು ನಿಮಿಷವಾದರೂ ಹೊತ್ತದಿದ್ದರೆ ಮತ್ತೆ ‘ಆಫ್’, ಮತ್ತೆ ಹತ್ತು ನಿಮಿಷ.

ಹೊತ್ತಿದ ಮೇಲೆ ಅರವತ್ತು ಎಣಿಸುವವರೆಗೂ ಒತ್ತಿ ಹಿಡಿಯಿರಿ. ಹೆಬ್ಬೆರಳು ನೋಯುತ್ತದೆ, ನೋಯಲಿ. ನಂತರ ನಿಧಾನವಾಗಿ ಬಿಡಿ. ಉರಿ ನಿಂತರೆ ಅದನ್ನು ಚೆನ್ನಾಗಿ ನೋಡಿ. ನೀಲಿಯಾಗಿ, ಅಲುಗಾಡದೆ, ಥರ್ಮೋಕಪಲ್ಲಿನ ತುದಿಯ ಒಂದು ಸೆಂಟಿಮೀಟರ್‌ನಷ್ಟನ್ನು ಸುತ್ತಿಕೊಂಡಿದ್ದರೆ ಸರಿಯಾದ ಉರಿ. ಹಳದಿಯಾಗಿ ಸೋಮಾರಿಯಂತೆ ತೂಗಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಆರಿಸಿಬಿಡಿ. ಎಲ್ಲ ಸರಿಯಿದ್ದರೆ ಹೊರಮುಚ್ಚಳ ಹಾಕಿ, ಪಕ್ಕಕ್ಕೆ ನಿಂತು ನಾಬನ್ನು ‘ಆನ್’ಗೆ ತಂದು ಉಷ್ಣತೆಯನ್ನು ಮೊದಲಿನಷ್ಟಕ್ಕೆ ಏರಿಸಿ. ಬರ್ನರ್ ಮೆಲ್ಲನೆ ‘ಫುಸ್’ ಎಂದು ಹೊತ್ತಬೇಕು. ತಡೆದು ತಡೆದು ಧಡ್ ಎಂದು ಹೊತ್ತಿದರೆ ಅದೂ ದೋಷವೇ. ಉಷ್ಣತೆಯನ್ನು ಬೇಕೆಂದು ಮೇಲಕ್ಕೆ ಏರಿಸಬೇಡಿ. 60 ಡಿಗ್ರಿ ಸೆಲ್ಸಿಯಸ್ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ವಯಸ್ಸಾದವರದ್ದು ಇನ್ನೂ ಬೇಗ.

ಎರಡು ಪ್ರಯತ್ನ, ಅಷ್ಟೇ. ಎರಡರಲ್ಲೂ ನಿಲ್ಲದಿದ್ದರೆ ಮೂರನೆಯದು ಬೇಡ. ನನ್ನ ಮನೆಯಲ್ಲಿಯೂ ಇದೇ ನಿಯಮ.

ನಿಮ್ಮ ಮುಂದಿರುವ ದಾರಿಗಳು ಇವು. ಥರ್ಮೋಕಪಲ್ ಬದಲಿಸುವುದು ಸುಲಭದ ರಿಪೇರಿ, ಬಿಡಿಭಾಗವೂ ದುಬಾರಿಯದಲ್ಲ. ಕೈಚಳಕವಿರುವ ಕೆಲವರು ಸ್ವತಃ ಮಾಡಿಕೊಳ್ಳುತ್ತಾರೆ. ಆದರೆ ಅದಕ್ಕಾಗಿ ಪೈಲಟ್‌ನ ಗ್ಯಾಸ್ ಕೊಳವೆಯನ್ನೂ ಬಿಚ್ಚಿ ಸೇರಿಸಬೇಕಾಗಬಹುದು. ಜೋಡಿಸಿದ ಮೇಲೆ ಪ್ರತಿ ಜಾಯಿಂಟಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ಹಳೆಯ ಅಭ್ಯಾಸವನ್ನು ಕೇಳಿಯೂ ಕೇಳಿಸಿಕೊಳ್ಳಬೇಡಿ. ನಿಮ್ಮ ವಿಷಯದಲ್ಲಿ ಸ್ವಂತ ರಿಪೇರಿ ಬೇಡ ಎನ್ನಲು ನನ್ನ ಬಳಿ ಇನ್ನೊಂದು ಕಾರಣವಿದೆ. ಹೊಸ ಥರ್ಮೋಕಪಲ್ ಹಾಕಿದರೆ ಪೈಲಟ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಹೊಗೆ ಕೋಣೆಗೆ ಬರುವುದು ನಿಲ್ಲುವುದಿಲ್ಲ. ಇಷ್ಟು ದಿನ ಪೈಲಟ್ ಆರುತ್ತಿದ್ದದ್ದರಿಂದಲೇ ಆಗಾಗ ಬರ್ನರ್ ನಿಂತು ಅತ್ತೆಯವರಿಗೆ ಸ್ವಲ್ಪ ಬಿಡುವು ಸಿಕ್ಕಿರಬಹುದು. ಒಂದು ಮನೆಯಲ್ಲಿ ವರ್ಷದಲ್ಲಿ ಮೂರು ಥರ್ಮೋಕಪಲ್ ಬದಲಾಯಿಸಿದ್ದರು. ಯಾರೂ ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಹೊಗೆಕೊಳವೆಯನ್ನು ನೋಡಿರಲಿಲ್ಲ.

ಹಾಗಾಗಿ ಮೊದಲ ರಿಪೇರಿ ಗಾಳಿಯದ್ದು. ಉಗ್ರಾಣದಲ್ಲಿ ಮುಚ್ಚಿಸಿದ ಸಂದುಗಳ ಬದಲು ಹೊರಗಿನಿಂದ ನೇರ ಗಾಳಿ ಬರುವ, ಮುಚ್ಚಲಾಗದ ಜಾಲರಿ ಕಿಂಡಿಗಳನ್ನು ಇಡಿಸಬೇಕು, ಒಂದು ನೆಲದ ಹತ್ತಿರ, ಒಂದು ಸೂರಿನ ಹತ್ತಿರ. ಎಷ್ಟು ದೊಡ್ಡದಿರಬೇಕೆಂಬುದು ಹೀಟರಿನ ಶಕ್ತಿಯನ್ನು ಅವಲಂಬಿಸುತ್ತದೆ, ಮೆಕ್ಯಾನಿಕ್ ಲೆಕ್ಕ ಹಾಕಲಿ. ಹೊಗೆಕೊಳವೆಯಲ್ಲಿ ಹಕ್ಕಿಗೂಡು, ತುಕ್ಕಿನ ತೂತು, ಕಳಚಿದ ಜೋಡಣೆ ಇವೆಯೇ ಎಂದೂ ನೋಡಿಸಿ. ಕಿಂಡಿ ಇಟ್ಟರೂ ಚಿಮಣಿಯ ಎಳೆತಕ್ಕೆ ಹೊಗೆ ಹಿಂದಿರುಗುತ್ತಿದ್ದರೆ ಆ ಹೀಟರ್ ಆ ಜಾಗಕ್ಕೆ ತಕ್ಕದ್ದಲ್ಲ.

ಆಗ ಯಜಮಾನರ ಮಾತೇ ಸರಿ, ಅವರು ಹೇಳುವ ಕಾರಣ ಬೇರೆಯಾದರೂ. ಟ್ಯಾಂಕಿನ ಗ್ಯಾಸ್ ಹೀಟರುಗಳ ಆಯಸ್ಸು ಸಾಮಾನ್ಯವಾಗಿ 8ರಿಂದ 12 ವರ್ಷ. ನಿಮ್ಮದು ಆ ಗಡಿಯೊಳಗೆ ಬಂದಿದೆ. ಟ್ಯಾಂಕಿನ ತಳದಲ್ಲಿ ತೇವ, ತುಕ್ಕು ಕಂಡರೆ ಇದಕ್ಕೆ ಖರ್ಚು ಮಾಡಬೇಡಿ. ಹೊಸದು ಕೊಳ್ಳುವುದಾದರೆ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವ, ಗೂಡು ಪೂರ್ತಿ ಮುಚ್ಚಿದ ಮಾದರಿಯನ್ನು ಕೇಳಿ. ಅದಕ್ಕೆ ಖರ್ಚು ಹೆಚ್ಚು, ಅಳವಡಿಸುವಾಗ ಗೋಡೆ ಕೊರೆಯಬೇಕಾಗುತ್ತದೆ. ಆದರೆ ಅಡುಗೆಮನೆಯ ಚಿಮಣಿ ಎಷ್ಟೇ ಎಳೆದರೂ ಅದರ ಹೊಗೆ ಕೋಣೆಗೆ ಬರುವುದಿಲ್ಲ. ಬ್ಯಾಟರಿ ಕಿಡಿಯಿಂದ ಹೊತ್ತುವ ಸಣ್ಣ ಗ್ಯಾಸ್ ಗೀಸರಿಗೆ ಪೈಲಟ್ ಇಲ್ಲವೆಂದು ಕೆಲವರು ಅದನ್ನು ಸ್ನಾನದಮನೆಯೊಳಗೇ ಹಾಕಿಸುತ್ತಾರೆ. ಹೊಗೆಕೊಳವೆಯಿಲ್ಲದ ಗೀಸರನ್ನು ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಜಾಗದಲ್ಲಿ ಇಡುವುದು ಈಗಿನದಕ್ಕಿಂತ ದೊಡ್ಡ ಅಪಾಯ.

ಯಾವ ದಾರಿ ಹಿಡಿದರೂ ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡುವ ಅಲಾರಂ ಒಂದನ್ನು ಅತ್ತೆಯವರು ಮಲಗುವ ಕೋಣೆಯ ಬಳಿ ಹಾಕಿಸಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಹೆಸರು ಓದಿ ನೋಡಿ. ಅದರೊಳಗಿನ ಸಂವೇದಕಕ್ಕೂ ಆಯಸ್ಸಿದೆ, ಹಿಂಬದಿಯಲ್ಲಿ ಬರೆದಿರುವ ವರ್ಷ ಮುಗಿದ ಮೇಲೆ ಬದಲಿಸಬೇಕು.

ಮೆಕ್ಯಾನಿಕ್ ಕೆಲಸ ಮುಗಿಸಿ ಹೊರಡುವ ಮೊದಲು ಒಂದು ಪರೀಕ್ಷೆಯನ್ನು ನಿಮ್ಮ ಎದುರಿಗೇ ಮಾಡಿಸಿ. ಗ್ಯಾಸ್ ವಾಸನೆ ಇಲ್ಲವೆಂದು ಖಚಿತವಾದ ಮೇಲೆ ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಚಿಮಣಿಯನ್ನು ಅತಿ ಹೆಚ್ಚಿನ ವೇಗದಲ್ಲಿ ಓಡಿಸಿ, ಎಕ್ಸಾಸ್ಟ್ ಫ್ಯಾನುಗಳನ್ನೂ ಹಾಕಿ, ಬಿಸಿನೀರಿನ ನಲ್ಲಿ ಬಿಟ್ಟು ಬರ್ನರ್ ಹೊತ್ತುವಂತೆ ಮಾಡಿ. ಐದು ನಿಮಿಷ ಕಳೆಯಲಿ. ಮೊದಲ ನಿಮಿಷ ಕೊಳವೆ ತಣ್ಣಗಿರುವುದರಿಂದ ಸ್ವಲ್ಪ ಹೊಗೆ ಹೊರಗೆ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆಮೇಲೆ ಟ್ಯಾಂಕಿನ ನೆತ್ತಿಯ ಮೇಲೆ, ಹೊಗೆಕೊಳವೆ ಶುರುವಾಗುವಲ್ಲಿ ಟೋಪಿಯಂತಹ ತಗಡಿನ ಕೆಳಗೆ ಹೊತ್ತಿಸಿದ ಊದುಬತ್ತಿಯನ್ನು ಹಿಡಿದು ಸುತ್ತಲೂ ನಿಧಾನವಾಗಿ ಆಡಿಸಿ. ಹೊಗೆಯ ಎಳೆ ಬಾಗಿ ತಗಡಿನೊಳಗೆ ನುಗ್ಗಿ ಮೇಲೆ ಹೋಗಬೇಕು. ಅಲ್ಲೇ ಸುಳಿದಾಡಿದರೆ ಅಥವಾ ನಿಮ್ಮ ಮುಖದ ಕಡೆಗೆ ತಿರುಗಿ ಬಂದರೆ, ‘ಪೈಲಟ್ ಈಗ ಗಟ್ಟಿಯಾಗಿ ನಿಂತಿದೆಯಲ್ಲ’ ಎಂದು ಯಾರು ಹೇಳಿದರೂ ಒಪ್ಪಿಕೊಳ್ಳಬೇಡಿ, ಹೀಟರ್ ಆರಿಸಿಸಿ. ಉರಿದ ಹೊಗೆಯಲ್ಲಿ ಎಷ್ಟು ಕಾರ್ಬನ್ ಮಾನಾಕ್ಸೈಡ್ ಇದೆಯೆಂದು ಅಳೆಯುವ ಉಪಕರಣ ಅವರ ಬಳಿ ಇದ್ದರೆ, ಹೊಗೆಕೊಳವೆಯ ಬುಡದಲ್ಲಿ ಒಮ್ಮೆ, ಅತ್ತೆಯವರ ಹಾಸಿಗೆಯ ಪಕ್ಕದಲ್ಲಿ ಒಮ್ಮೆ ಅಳೆಯಲು ಹೇಳಿ. ಅಲ್ಲಿಯವರೆಗೆ ಅವರ ಹಾಸಿಗೆಯನ್ನು ಬೇರೆ ಕೋಣೆಯಲ್ಲಿ ಹಾಕಿ.